ಚೀನಾ ಗಾಡಿಯೂ ತವರಿನ ಸೀರೆಯೂ

ವಿದ್ಯುತ್ತಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಡವನಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಆ ಪಾಠ ಹೇಳುತ್ತಿರುವವನೇ ನಾನು! ಬ್ಯಾಟರಿಯ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಹಾಗಾಗಿ ಕಳೆದ ವರ್ಷ ಬ್ಯಾಟರಿಯಿಂದ ಓಡುವ ಒಂದು ಪುಟ್ಟ ಚೀನಾ ವ್ಯಾನನ್ನು ಕೊಳ್ಳುವಾಗ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ನನ್ನ ಹೆಂಡತಿ ಸರೋಜ ಕೇಳದೆಯೇ ಕೊಟ್ಟ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಲೂ ಇಲ್ಲ.

ಈ ವಾಹನದ ಚರಿತ್ರೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ದೊಡ್ಡ ರಾಜವಂಶಗಳಿಗೂ ಇಷ್ಟು ಏಳುಬೀಳು ಇದ್ದಂತಿಲ್ಲ.

ಮೊದಲನೆಯದು ಚೀನಾ ಕಾಲ. ಈ ಕಾಲದ ಬಗ್ಗೆ ಉಳಿದಿರುವ ಏಕೈಕ ಶಾಸನವೆಂದರೆ ಬಾಗಿಲಿನ ಒಳಗಡೆ ಬಡಿದಿರುವ ಒಂದು ತಗಡಿನ ಪಟ್ಟಿ. ಅದರ ತುಂಬ ಚೀನೀ ಅಕ್ಷರ. ಅಲ್ಲಿನ ಯಾವುದೋ ಕಾರ್ಖಾನೆಯಲ್ಲಿ ಯಾರೋ ಪುಣ್ಯಾತ್ಮರು, ಬಡವರೂ ಒಂದು ಗಾಡಿ ಇಟ್ಟುಕೊಳ್ಳಲಿ ಎಂದು, ಇದ್ದಷ್ಟು ತಗಡಿನಲ್ಲೇ ನಾಲ್ಕು ಸೀಟು, ಹಿಂದೆ ಒಂದಿಷ್ಟು ಸಾಮಾನಿಗೆ ಜಾಗ ಮಾಡಿ, ಅಂದವಾಗಿಯೇ ಕಟ್ಟಿ ಕಳಿಸಿದ್ದರು. ಎರಡನೆಯದು ಸೋಲಾರ್ ಕಾಲ. ಪಾವಗಡದ ಕಡೆ ಸೋಲಾರ್ ಪಾರ್ಕು ಆದಾಗ ಯಾವನೋ ಗುತ್ತಿಗೆದಾರ ಇದನ್ನು ತರಿಸಿ, ಪ್ಯಾನಲ್ಲುಗಳ ಸಾಲಿನಿಂದ ಸಾಲಿಗೆ ಇಂಜಿನಿಯರುಗಳನ್ನು ಸಾಗಿಸಲು ಬಿಟ್ಟಿದ್ದ. ಬೇಲಿಯೊಳಗೆ ಮಾತ್ರ ಓಡಾಡುವ ಗಾಡಿಯಾದ್ದರಿಂದ ನಂಬರ್ ಪ್ಲೇಟು ಕಟ್ಟಿಸುವ ಗೋಜಿಗೆ ಅವನು ಹೋಗಿರಲಿಲ್ಲ. ಮೂರನೆಯದು ನೀರಿನ ಕಾಲ. ಗುತ್ತಿಗೆ ಮುಗಿದ ಮೇಲೆ ಪಾವಗಡದ ಒಬ್ಬರು ಇದರಲ್ಲಿ ಕ್ಯಾನ್ ನೀರು ತುಂಬಿ ಮನೆಮನೆಗೆ ಹಾಕಿದರು. ಆ ಭಾರಕ್ಕೆ ಹಿಂಭಾಗ ಕುಸಿದು, ಗಾಡಿ ಸದಾ ಮೋಡ ನೋಡುತ್ತಿರುವಂತೆ ಮೂತಿ ಮೇಲೆತ್ತಿಕೊಂಡಿತು. ನಾಲ್ಕನೆಯದು ಹಾಸಿಗೆ ಕಾಲ. ಶಿರಾದಲ್ಲಿ ಹಾಸಿಗೆ ದಿಂಬು ಮಾಡಿ ಮಾರುವ ಬಾಷಾ ಸಾಬರು ಇದನ್ನು ಕೊಂಡು, ಹಳ್ಳಿಹಳ್ಳಿಗೆ ವ್ಯಾಪಾರ ಹೊರಟರು. ಎರಡೇ ವಾರಕ್ಕೆ ಹಳ್ಳಿಗಳನ್ನು ಕೈಬಿಟ್ಟು, ಗಾಡಿಯನ್ನು ತಮ್ಮ ಅಂಗಡಿಯ ಮುಂದೆಯೇ ನಿಲ್ಲಿಸಿ ಅದರ ಮೇಲೆ ದಿಂಬು ಒಣಗಿಸತೊಡಗಿದರು. ಆ ಸ್ಥಿತಿಯಲ್ಲಿ ನಾನದನ್ನು ನೋಡಿ ಮೆಚ್ಚಿದೆ.

ಬಾಷಾ ಸಾಬರು ಸತ್ಯವಂತರು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

"ಮೇಷ್ಟ್ರೇ, ಖುದಾನ ಮೇಲೆ ಆಣೆ, ನಿಮ್ಗೆ ಸುಳ್ ಹೇಳಲ್ಲ. ಮನೆಯಿಂದ ಸ್ಕೂಲು, ಸ್ಕೂಲಿಂದ ಮನೆ. ಬಿಂದಾಸ್ ಓಡ್ತದೆ. ದೂರ ಮಾತ್ರ ತಕಂಡ್ ಹೋಗ್ಬ್ಯಾಡಿ," ಎಂದರು.

"ಎಷ್ಟು ದೂರ ಹೋಗಬಹುದು ಸಾಬರೇ?"

"ವಾಪಸ್ ನಡ್ಕೊಂಡ್ ಬರೋಷ್ಟು ದೂರ."

ನಾನು ನಕ್ಕೆ. ಬ್ಯಾಟರಿಯ ಬಗ್ಗೆ ಹಾಸಿಗೆ ಹೊಲಿಯುವವರು ಏನು ಬಲ್ಲರು! ದಾಖಲೆಪತ್ರ ಕೇಳಿದ್ದಕ್ಕೆ ಅವರು ಚೀನೀ ಭಾಷೆಯ ಒಂದು ತೆಳ್ಳನೆಯ ಪುಸ್ತಕವನ್ನೂ ಪ್ಲಾಸ್ಟಿಕ್ ಕವರಿನಲ್ಲಿದ್ದ ಸೋಲಾರ್ ಪಾರ್ಕಿನ ಹಳೆಯ ಗೇಟ್ ಪಾಸನ್ನೂ ಕೊಟ್ಟರು. ಎರಡನ್ನೂ ಗೌರವದಿಂದ ತೆಗೆದುಕೊಂಡು ಬಂದೆ.

ಹೀಗೆ ಐದನೆಯ ಕಾಲ, ಅಂದರೆ ನನ್ನ ಕಾಲ, ಆರಂಭವಾಯಿತು. ಪಕ್ಕದ ಮನೆಯ ಕೆಂಪಣ್ಣ, ಅವನಿಗೆ ಒಂದು ಹಳೆಯ ಆದರೆ ಗಟ್ಟಿಯಾದ ಕಾರಿದೆ, ಮೊದಲ ದಿನವೇ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೇಷ್ಟ್ರೇ, ಇದರೊಳಕ್ಕೆ ಕುಂತ್ಕಬೇಕಾ, ಇಲ್ಲಾ ಇದನ್ನ ತೊಟ್ಕಬೇಕಾ?" ಎಂದು ಕೇಳಿದ. ಅಂದಿನಿಂದ ನಾನು ಅವನ ಕಾರನ್ನು ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ದುರಂತದ ಬೀಜ ಅಲ್ಲೇ ಬಿತ್ತು.

ಈಗ ನನ್ನ ಅಕ್ಕನ ವಿಷಯ. ಅಕ್ಕನ ಹೆಸರು ಗಂಗಮ್ಮ. ನಮ್ಮವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೈದು. ನನ್ನ ಮೂಗು ಒರೆಸಿ, ತಲೆ ಬಾಚಿ, ಮಗ್ಗಿ ತಪ್ಪಿದರೆ ತೊಡೆ ಚಿವುಟಿ, ನನ್ನನ್ನು ಮೇಷ್ಟ್ರು ಮಾಡಿದವಳು ಅವಳು. ಅವಳನ್ನು ಕೊಟ್ಟದ್ದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿಗೆ. ಅಪ್ಪ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ಗಾಡಿ ಕೊಂಡ ಸುದ್ದಿ ತಿಳಿದು ಫೋನ್ ಮಾಡಿದ್ದಳು: "ಲೇ ತಮ್ಮಾ, ಸ್ವಂತ ಗಾಡಿ ತಕಂಡಿದ್ದೀಯಂತೆ. ಒಂದ್ಸಲ ಅದ್ರಾಗೆ ಬಾರ್ಲಾ. ಕೇರಿ ಜನ ನೋಡ್ಲಿ." ನಾನು "ಬರ್ತೀನಿ ಕಣಕ್ಕ, ಮುಂದಿನ ಭಾನುವಾರ" ಎಂದಿದ್ದೆ. ಆಮೇಲೆ ಬಹಳ ಭಾನುವಾರಗಳು ಬಂದವು.

ಅವಳೇ ಹೋಗಿಬಿಟ್ಟಳು.

ಬೆಳಗ್ಗೆ ಏಳು ಗಂಟೆಗೆ ಫೋನ್ ಬಂತು. ಅಕ್ಕನ ಮಗ ಹನುಮಂತು. "ಮಾಮಾ... ಅಮ್ಮ ಹೋಗ್ಬುಟ್ಲು ಮಾಮಾ. ಎದೆನೋವು ಅಂದ್ಲು, ಅಷ್ಟೇ. ನೀನು ಬೇಗ ರಾ ಮಾಮಾ." ಅವನ ಮಾತಿನಲ್ಲಿ ಆ ಕಡೆಯ ತೆಲುಗು ಸದಾ ಬೆರೆತಿರುತ್ತದೆ, ಅಳುವಾಗ ಇನ್ನೂ ಜಾಸ್ತಿ.

ಭಾವ ಇದ್ದಾರೆ. ಅಂದರೆ ಅಕ್ಕ ಮುತ್ತೈದೆಯಾಗಿ ಹೋದಳು. ನಮ್ಮಲ್ಲಿ ಮುತ್ತೈದೆ ಸತ್ತರೆ ಅವಳ ಮೈಮೇಲಿನ ಕೊನೆಯ ಸೀರೆ ತವರಿನಿಂದ ಬರಬೇಕು. ಅರಿಶಿಣ, ಕುಂಕುಮ, ಹೂವು, ಬಳೆ, ಸೀರೆ. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ಅಪ್ಪನೋ ಅಣ್ಣತಮ್ಮನೋ ತಂದು ಕೊಡಬೇಕು, ಆಮೇಲೆ ಉಡಿಸಬೇಕು, ಆಮೇಲೆ ಮಣ್ಣು. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಬೇಕು. ಅಕ್ಕ ಆಗಾಗ ತಮಾಷೆ ಮಾಡುತ್ತಿದ್ದಳು: "ಬದುಕಿದ್ದಾಗಂತೂ ಗೌರಿ ಹಬ್ಬಕ್ಕೆ ಮೂರುಕಾಸಿನ ಸೀರೆ ಕೊಟ್ಟೆ. ಸತ್ತಾಗಾದ್ರೂ ಹಸಿರು ಜರಿ ಸೀರೆ ತಗಂಬಾರ್ಲಾ." ಆ ಒಂದು ಕೆಲಸ ನನ್ನಿಂದ ಆಗಬೇಕಿತ್ತು. ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾಗದ ಕೆಲಸ.

ಬಡವನಹಳ್ಳಿಯ ಬಟ್ಟೆ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ ಅಂಗಡಿ ತೆಗೆಸಿದೆವು. ಸರೋಜ ಹಸಿರು ಜರಿ ಸೀರೆಯನ್ನೇ ಆರಿಸಿದಳು. ಇಂಥ ಸೀರೆಗೆ ಚೌಕಾಸಿ ಮಾಡುವಂತಿಲ್ಲ. ಅವರೂ ಹೆಚ್ಚಿಗೆ ಹೇಳಲಿಲ್ಲ. ತಮ್ಮ ಅಂಗಡಿಯ ಹಳದಿ ಬಟ್ಟೆ ಚೀಲದಲ್ಲಿ ಹಾಕಿ ಎರಡೂ ಕೈಯಲ್ಲಿ ಕೊಟ್ಟರು. ಅಂಥದೇ ಇನ್ನೊಂದು ಹಳದಿ ಚೀಲ ಆಗಲೇ ನಮ್ಮ ಗಾಡಿಯಲ್ಲಿತ್ತು. ದೀಪಾವಳಿಯದು. ಅದರಲ್ಲಿ ನಾನು ಚಾರ್ಜಿಂಗ್ ವೈರನ್ನು ಸುತ್ತಿ ಇಡುತ್ತಿದ್ದೆ.

ಮನೆಗೆ ಬಂದಾಗ ಕೆಂಪಣ್ಣ ತನ್ನ ಕಾರನ್ನು ಒರೆಸಿ ಬಾಗಿಲು ತೆಗೆದು ನಿಲ್ಲಿಸಿದ್ದ. "ಮೇಷ್ಟ್ರೇ, ಹತ್ತಿ. ನಾನೇ ಬಿಟ್ಬತ್ತೀನಿ. ತೊಂಬತ್ತು ಕಿಲೋಮೀಟ್ರು, ಎರಡೂವರೆ ಗಂಟೆ."

ಅವನ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಇದ್ದಿದ್ದರೆ ನನ್ನ ತಪ್ಪಿಗೆ ಒಂದು ನೆಪವಾದರೂ ಇರುತ್ತಿತ್ತು.

"ಬೇಡ ಕೆಂಪಣ್ಣ. ಅಕ್ಕ ನನ್ನ ಗಾಡಿಯಲ್ಲೇ ಬಾ ಅಂದಿದ್ದಳು. ಬದುಕಿದ್ದಾಗ ಆಗಲಿಲ್ಲ, ಈಗಲಾದರೂ ಅದರಲ್ಲೇ ಹೋಗ್ತೀನಿ," ಎಂದೆ. ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ನಿಜ. ಆದರೆ ಅದರ ಹಿಂದೆ ಒಂದು ಗುಲಗಂಜಿಯಷ್ಟು ಜಂಬವೂ ಇತ್ತು ಎಂಬುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

"ರೀ, ಅವರ ಕಾರಲ್ಲಿ ಹೋಗೋಣ. ನಿಮ್ ದಮ್ಮಯ್ಯ," ಎಂದಳು ಸರೋಜ.

"ರಾತ್ರಿಯೆಲ್ಲ ಚಾರ್ಜ್ ಆಗಿದೆ. ಬ್ಯಾಟರಿ ಎಂದರೆ ಏನು ಅಂತ ನನಗೆ ಗೊತ್ತು, ಸುಮ್ಮನೆ ಹತ್ತು," ಎಂದೆ.

ಗಾಡಿಯಲ್ಲಿ ಚಾರ್ಜು ತೋರಿಸುವುದಕ್ಕೆ ಐದು ಗೆರೆಗಳಿವೆ. ಆಗ ಮೂರು ಇದ್ದವು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದರೂ ಮೂರೇ ಏಕೆ ಎಂಬ ಪ್ರಶ್ನೆ ಒಬ್ಬ ವಿಜ್ಞಾನದ ಮೇಷ್ಟ್ರಿಗೆ ಹೊಳೆಯಬೇಕಿತ್ತು. ಹೊಳೆಯಿತು. ಬೆಳಗಿನ ತಂಪಿಗೆ ಎರಡು ಗೆರೆ ಮಂಕಾಗಿರಬೇಕು ಎಂದು ಉತ್ತರವನ್ನೂ ನಾನೇ ಕೊಟ್ಟುಕೊಂಡೆ.

ಒಂಬತ್ತಕ್ಕೆ ಹೊರಟೆವು. ಮಧುಗಿರಿಯಲ್ಲಿ ಮುಖ್ಯ ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದರು. ನಂಬರ್ ಪ್ಲೇಟಿಲ್ಲದ ಗಾಡಿಗೆ ಸೋಲಾರ್ ಪಾರ್ಕಿನ ಗೇಟ್ ಪಾಸು ತೋರಿಸುವುದು ಹೇಗೆ? ಹಿಂದಿನ ಗಲ್ಲಿಗಳಿಗೆ ಇಳಿದೆ. ಒಂದು ಗಲ್ಲಿಯಲ್ಲಿ ಮದುವೆಯ ಶಾಮಿಯಾನ ಹಾಕಿದ್ದರು, ಇನ್ನೊಂದರಲ್ಲಿ ಚರಂಡಿ ತೋಡಿದ್ದರು. ಅರ್ಧ ಗಂಟೆ ಸುತ್ತಿ, ಹೋದ ದಾರಿಯಲ್ಲೇ ವಾಪಸ್ ಬಂದು, ಅದೇ ಸರ್ಕಲ್ಲಿಗೆ ಬಿದ್ದೆವು. ಪೊಲೀಸರು ಗಾಡಿಯನ್ನು ನೋಡಿ ಕೈ ಅಡ್ಡ ಹಾಕಲೂ ಇಲ್ಲ. ಒಬ್ಬರು ಮುಗುಳ್ನಕ್ಕು ದಾರಿ ಬಿಟ್ಟರು. ಅದನ್ನು ಅವರು ಗಾಡಿಯೆಂದೇ ಪರಿಗಣಿಸಲಿಲ್ಲ. ಅಷ್ಟರಲ್ಲಿ ಒಂದು ಗೆರೆ ಹೋಗಿತ್ತು.

ಮಿಡಿಗೇಶಿ ದಾಟಿದ ಮೇಲೆ ಇನ್ನೊಂದು ಹೋಯಿತು. ಸ್ವಲ್ಪ ಏರು ಬಂದರೂ ಗಾಡಿ ಎತ್ತಿನ ಗಾಡಿಯ ವೇಗಕ್ಕೆ ಇಳಿಯುತ್ತಿತ್ತು. ಹಿಂದಿನಿಂದ ಬಂದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಮುಂದೆ ಹೋದವು. ಸರೋಜ ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಂದು ಮಾತೂ ಆಡದೆ ಕೂತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಬೈದಾಗ ನಾನು ಹೆದರಿದ್ದಿಲ್ಲ. ಸುಮ್ಮನಿದ್ದಾಗ ಹೆದರಿದ್ದೇನೆ.

ಒಂದು ಕಡೆ ಬಸ್ಸು ನಿಲ್ಲುವ ಗೇಟು ಸಿಕ್ಕಿತು. ಒಂದು ಟೀ ಹೋಟೆಲು, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಮುಂದೆ ಒಂದು ಬೇವಿನ ಮರ. ಗಿರಣಿ ನಡೆಸುವ ರಾಮಾಂಜಿ ಎಂಬುವನನ್ನು ಕೇಳಿಕೊಂಡು ಗಾಡಿಯನ್ನು ಚಾರ್ಜಿಗೆ ಹಾಕಿದೆ. ಒಂದೇ ಕ್ಷಣ. ಢಬ್ ಎಂದು ಸದ್ದಾಯಿತು. ಗಿರಣಿ ನಿಂತಿತು. ಹೋಟೆಲಿನ ಮಿಕ್ಸಿ ನಿಂತಿತು. ರಾಗಿ ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಯಾವನಮ್ಮ ಇವ್ನು, ಬಂದು ಕರೆಂಟೇ ನುಂಗ್ಬುಟ್ನಲ್ಲ!" ಎಂದಳು ಒಬ್ಬಳು.

"ಅಯ್ಯೋ, ಸಾವಿನ ಮನೆಗೆ ಹೋಗ್ತಾ ಇರೋದು ಕಣಮ್ಮ," ಎಂದಳು ಸರೋಜ.

ಒಬ್ಬಾಕೆ ಕೂರಲು ಗೋಣಿಚೀಲ ಹಾಸಿಕೊಟ್ಟಳು. ರಾಮಾಂಜಿ ಫ್ಯೂಸ್ ಹಾಕಿ ಬಂದು, ಚಾರ್ಜಿಂಗ್ ವೈರು ಸಿಕ್ಕಿಸುವ ತೂತಿಗೆ ಟಾರ್ಚು ಬಿಟ್ಟು ನೋಡಿದ. ಬೆಂಕಿಕಡ್ಡಿ ಹಾಕಿ ಕೆದಕಿದ. ಕಡ್ಡಿಯ ತುದಿಯನ್ನು ಮೂಸಿ ನೋಡಿದ.

"ಸಾಮೀ, ಇದ್ರೊಳಗೆ ಅರಿಶಿಣ ಐತೆ."

ನಾನು ಬೇವಿನ ಮರದ ಕಡೆ ನೋಡಿದೆ.

"ಕುಂಕುಮಾನೂ ಐತೆ. ಇದೇನು, ಗಂಧಾನಾ?"

ವಿಷಯ ಇಷ್ಟೇ. ಹಿಂದಿನ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಇದ್ದವರೆಲ್ಲ ಗಾಡಿ ತೊಳೆದು ಪೂಜೆ ಮಾಡಿ, ನಿಂಬೆಹಣ್ಣು ಒಡೆಯುತ್ತಾರೆ. ಕೆಂಪಣ್ಣ ತನ್ನ ಕಾರಿಗೆ ಪೂಜೆ ಮಾಡುವುದನ್ನು ನೋಡಿ ನಾನೂ ಶುರು ಮಾಡಿದೆ. ಅವನು ಬಾನೆಟ್ಟಿಗೆ ಅರಿಶಿಣ ಕುಂಕುಮ ಹಚ್ಚಿದ, ಇಂಜಿನ್ನು ಅಲ್ಲಿದೆಯಲ್ಲ. ನನ್ನ ಗಾಡಿಯ ಶಕ್ತಿಯೆಲ್ಲ ಎಲ್ಲಿಂದ ಒಳಗೆ ಹೋಗುತ್ತದೆ? ಆ ತೂತಿನಿಂದ. ಹಾಗಾದರೆ ಪೂಜೆ ಎಲ್ಲಿಗೆ ಸಲ್ಲಬೇಕು? ತರ್ಕ ಶುದ್ಧವಾಗಿತ್ತು. ಅರಿಶಿಣ, ಗಂಧವನ್ನು ನೀರಿನಲ್ಲಿ ಕಲಸಿ, ಬೆರಳಿನಲ್ಲಿ ಒಳಗಿನ ತನಕ ಸವರಿ, ಮೇಲೆ ಮೂರು ಕುಂಕುಮದ ಬೊಟ್ಟಿಟ್ಟು, ಕರ್ಪೂರ ಬೆಳಗಿ, ತೀರ್ಥ ಚಿಮುಕಿಸಿದ್ದೆ. ರಾತ್ರಿ ವೈರು ಸಿಕ್ಕಿಸಿದಾಗ ಕೆಂಪು ದೀಪ ಮಿಣಮಿಣ ಅಂದಿತು. ಪೂಜೆಗೆ ಗಾಡಿ ಪ್ರಸನ್ನವಾಗಿದೆ ಎಂದುಕೊಂಡು ಮಲಗಿದೆ.

"ತಾವು ಮೇಷ್ಟ್ರು ಅಂದ್ರಲ್ಲ. ಏನು ಪಾಠ ಹೇಳ್ತೀರಿ?" ಎಂದು ರಾಮಾಂಜಿ ವಿನಯದಿಂದಲೇ ಕೇಳಿದ.

"ವಿಜ್ಞಾನ," ಎಂದೆ.

ರಾಗಿ ಡಬ್ಬದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಒಳ್ಳೆಯವರು.

ರಾಮಾಂಜಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಎಲ್ಲ ತಿಕ್ಕಿ ತೆಗೆದ. "ಒಂದ್ಗಂಟೆ ಬಿಸ್ಲಲ್ಲಿ ಒಣಗ್ಲಿ ಬುಡಿ. ಆಮೇಲೆ ಹಾಕುವ್ರಂತೆ," ಎಂದ. ನಾನು ವೈರನ್ನು ಅಂದವಾಗಿ ಸುತ್ತಿ ಅದರ ಹಳದಿ ಚೀಲಕ್ಕೆ ಹಾಕಿ ಸೀಟಿನ ಮೇಲಿಟ್ಟೆ. ಬಳಸಿದ ಸಲಕರಣೆಯನ್ನು ಆ ಕೂಡಲೇ ಅದರ ಜಾಗದಲ್ಲಿ ಇಡಬೇಕೆಂದು ಮಕ್ಕಳಿಗೆ ವರ್ಷಾವರ್ಷ ಹೇಳುವವನು ನಾನು.

ಅಷ್ಟರಲ್ಲಿ ಪಾವಗಡದ ಬಸ್ಸು ಬಂತು. ಅದು ನಾವು ಅಲ್ಲಿ ನಿಂತ ಮೇಲೆ ಬಂದ ಎರಡನೆಯ ಬಸ್ಸು.

"ರೀ, ಏಳಿ. ಗಾಡಿ ಇಲ್ಲೇ ಇರಲಿ, ಬಸ್ಸಿಗೆ ಹೋಗೋಣ."

"ಒಂದು ಗಂಟೆ ತಾನೇ? ಒಣಗಿದ ಕೂಡಲೇ..."

ಸರೋಜ ನನ್ನ ಮುಖವನ್ನು ಒಂದು ಸಲ ನೋಡಿದಳು. "ಅಲ್ಲಿ ಅತ್ತಿಗೆ ಕಾಯ್ತಾ ಇದಾರೆ ಕಣ್ರೀ," ಎಂದಳು. ಸತ್ತವರು ಕಾಯುತ್ತಾರೆಯೇ ಎಂದು ಕೇಳುವಷ್ಟು ವಿಜ್ಞಾನ ನನಗೆ ಆಗ ನೆನಪಾಗಲಿಲ್ಲ. ಅವಳು ಗಾಡಿಯ ಕಿಟಕಿಯಿಂದ ಕೈ ಹಾಕಿ ಹಳದಿ ಚೀಲ ಎಳೆದುಕೊಂಡು, ಓಡಿಹೋಗಿ ಬಸ್ಸು ಹತ್ತಿಬಿಟ್ಟಳು. ಹೋದರೆ ಹೋಗಲಿ, ಸೀರೆ ಹೊತ್ತಿಗೆ ಸರಿಯಾಗಿ ತಲುಪುತ್ತದಲ್ಲ ಎಂದು ನನಗೂ ನಿರಾಳವಾಯಿತು. ಒಂದು ಟೀ ಕುಡಿದೆ. ಆ ದಿನದಲ್ಲಿ ನೆಮ್ಮದಿಯಿಂದ ಕಳೆದ ಒಂದು ಗಂಟೆ ಅದು.

ತೂತು ಒಣಗಿತು. ವೈರಿಗಾಗಿ ಚೀಲ ತೆರೆದೆ.

ಹಸಿರು ಜರಿ ಸೀರೆ!

ಅರಿಶಿಣ ಕುಂಕುಮದ ಪೊಟ್ಟಣ, ಬಳೆ ಎಲ್ಲ ಅದರಲ್ಲೇ ಇದ್ದವು. ಹೂವಿನ ಬುಟ್ಟಿಯನ್ನೂ ಅವಳು ಅವಸರದಲ್ಲಿ ಬಿಟ್ಟುಹೋಗಿದ್ದಳು. ಅಂದರೆ ನನ್ನ ಹೆಂಡತಿ ನನ್ನ ಅಕ್ಕನ ಸಾವಿಗೆ ಚಾರ್ಜಿಂಗ್ ವೈರು ತೆಗೆದುಕೊಂಡು ಹೋಗಿದ್ದಳು. ಕೂಡಲೇ ಅವಳಿಗೆ ಫೋನ್ ಮಾಡಿದೆ. ನನ್ನ ಜೇಬಿನಲ್ಲೇ ರಿಂಗಾಯಿತು. ಬೆಳಗ್ಗೆ ಹೂವಿನ ಬುಟ್ಟಿ ಹಿಡಿದುಕೊಳ್ಳುವಾಗ ಅವಳೇ ಮೊಬೈಲನ್ನು ನನ್ನ ಕೈಗೆ ಕೊಟ್ಟಿದ್ದಳು.

ಬುದ್ಧಿ ಇದ್ದ ಯಾವನೇ ಆದರೂ ಆಗ ಸೀರೆ ಹಿಡಿದುಕೊಂಡು ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ. ರಾಮಾಂಜಿಯೂ ಅದನ್ನೇ ಹೇಳಿದ: "ಮೂರನೇ ಬಸ್ಸು ಈಗ ಬತ್ತದೆ ಸಾಮಿ." ಆದರೆ ಗೆರೆ ಇನ್ನೂ ಒಂದಿತ್ತು. ಐದು ಗೆರೆಗೆ ನೂರು ಕಿಲೋಮೀಟರಾದರೆ ಒಂದಕ್ಕೆ ಇಪ್ಪತ್ತು. ಪಾವಗಡ ಅಷ್ಟೇ ದೂರ. ಅಲ್ಲಿಂದ ಆಟೋ. ಲೆಕ್ಕ ಸರಿ! ನೂರು ಎಂದು ಹೇಳಿದವರು ಯಾರು ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಯಾರೂ ಹೇಳಿರಲಿಲ್ಲ. ನಾನೇ ಹೇಳಿದ್ದು, ಕೆಂಪಣ್ಣನಿಗೆ.

ನಾಲ್ಕು ಕಿಲೋಮೀಟರಿಗೆ ಗಾಡಿ ನಿಂತಿತು. ಎರಡೂ ಕಡೆ ಬಯಲು, ಒಂದು ಮರವಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ಮೂರನೆಯ ಬಸ್ಸು ಬಂತು. ನಾನು ಗಾಡಿಯೊಳಗಿಂದಲೇ ಕೈ ಹೊರಹಾಕಿ ಆಡಿಸಿದೆ. ಮುಂದೆ ಹೋಗಿ ಎಂದು ದಾರಿ ಬಿಡುತ್ತಿದ್ದೇನೆಂದು ತಿಳಿದ ಡ್ರೈವರು ಮರ್ಯಾದೆಯಿಂದ ಒಂದು ಹಾರ್ನ್ ಹೊಡೆದು ಹೊರಟುಹೋದ.

ಆಗ ಹನುಮಂತುವಿನ ಫೋನ್ ಬಂತು.

"ಮಾಮಾ, ಅತ್ತೆ ಬಂದ್ಲು. ಚೀಲ ಬಿಚ್ಚಿದ್ರೆ..." ಹಿಂದೆ ಗದ್ದಲ ಕೇಳಿಸುತ್ತಿತ್ತು. "ಸೀರೆ ನಿನ್ನತ್ರ ಐತಾ?"

"ಇದೆ ಕಣಪ್ಪ, ನನ್ನ ಹತ್ತಿರವೇ ಇದೆ."

"ಎಲ್ಲಿದ್ದೀಯಾ? ಯಾರನ್ನಾರ ಬೈಕಲ್ಲಿ ಕಳಿಸ್ಲಾ? ನಾಲ್ಕು ಗಂಟೆಗೆ ಎತ್ತಬೇಕು ಅಂತಾವ್ರೆ."

ಈಗ ನಾನು ಹೇಳಿದ ಮಾತನ್ನು ನೀವೂ ನೂರು ಸಲ ಹೇಳಿದ್ದೀರಿ. ಹಾಸಿಗೆಯಿಂದ ಏಳುವ ಮುಂಚೆ ಹೇಳಿದ್ದೀರಿ, ಸ್ನಾನದ ಮನೆಯಿಂದ ಹೇಳಿದ್ದೀರಿ. ನಮ್ಮ ನಾಡಿನಲ್ಲಿ ಫೋನ್ ಹಿಡಿದವನ ಬಾಯಿಂದ ತಾನಾಗಿಯೇ ಬರುವ ಮಾತು ಅದು.

"ಬಂದ್ಬುಟ್ಟೆ ಕಣೋ! ಇಲ್ಲೇ ಪಾವಗಡ ಬಿಟ್ಟೆ. ಹತ್ತು ನಿಮಿಷ. ಯಾರನ್ನೂ ಕಳಿಸಬೇಡ!"

ಅವರು ಯಾರನ್ನೂ ಕಳಿಸಲಿಲ್ಲ.

ಮೂರೂವರೆಯ ಹೊತ್ತಿಗೆ ಪಾವಗಡದ ಕಡೆ ಹೋಗುತ್ತಿದ್ದ ಒಂದು ಕುರಿ ಟೆಂಪೋ ನಿಲ್ಲಿಸಿತು. ಮುಂದೆ ಜಾಗವಿರಲಿಲ್ಲ. ಹಿಂದೆ ಹತ್ತಿದೆ. ಮೂವತ್ತು ಕುರಿಗಳ ನಡುವೆ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಸೀರೆ ಚೀಲ ಹಿಡಿದು ನಿಂತೆ. ಹೂವಿನ ಬುಟ್ಟಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಕಾಲ ಬಳಿ ಇಟ್ಟೆ. ಪಾವಗಡ ಬರುವಷ್ಟರಲ್ಲಿ ಅಕ್ಕನ ಮಲ್ಲಿಗೆಯನ್ನು ಕುರಿಗಳು ತಿಂದು ಮುಗಿಸಿ, ಚೀಲದ ಮೂಲೆಯನ್ನು ರುಚಿ ನೋಡತೊಡಗಿದ್ದವು. ನಾನು ಸೀರೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಎದೆಗೆ ಅವಚಿಕೊಂಡೆ. ಫೋನ್ ಎರಡು ಸಲ ಬಂತು. ಎರಡು ಸಲವೂ "ಬಂದೆ, ಬಂದೆ" ಎಂದೆ. ಮೂರನೆಯ ಸಲ ಬರಲಿಲ್ಲ.

ಆಟೋದಿಂದ ಕ್ಯಾತಗಾನಚೆರ್ಲುವಿನಲ್ಲಿ ಇಳಿದಾಗ ಐದೂವರೆ. ಮನೆಯ ಮುಂದೆ ಯಾರೂ ಇರಲಿಲ್ಲ. ಅಂಗಳ ತೊಳೆದಿದ್ದರು. ತೊಳೆದ ನೀರು ಇನ್ನೂ ಹರಿಯುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಹೊಲದ ಕಡೆ ಓಡಿದೆ.

ಗುಂಡಿ ಮುಚ್ಚಿ, ಮೇಲೆ ಕಲ್ಲು ಇಡುತ್ತಿದ್ದರು. ಭಾವ ಒಂದು ಬದುವಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬಂದ್ಯಾ. ಮಣ್ಣಾಕು," ಎಂದರು. ಬೈಯಲಿಲ್ಲ. ಕುರಿಯ ವಾಸನೆ ಹೊಡೆಯುತ್ತಿದ್ದ ಅಂಗಿಯೊಳಗಿಂದ ಸೀರೆ ತೆಗೆದು, "ಭಾವ, ಸೀರೆ ತಂದಿದ್ದೀನಿ. ಹಸಿರು," ಎಂದೆ.

ಪಕ್ಕದಲ್ಲಿದ್ದ ಒಬ್ಬ ಮುದುಕಿ, ಅಕ್ಕನ ಓರಗೆಯವಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ಮಣ್ಣಿಗೆ ಉಡುಸ್ತೀಯೇನಪ್ಪ?" ಎಂದಳು.

ನಾನು ಅಲ್ಲೇ ಕುಸಿದು ಕೂತು ಅತ್ತೆ. ಇಷ್ಟು ವಯಸ್ಸಾದವನು ಹಾಗೆ ಅಳಬಾರದು ಎಂದು ಯಾರೋ ಹೇಳಿದರು. ನನ್ನ ತೊಡೆ ಚಿವುಟಿ ಸುಮ್ಮನಿರಿಸುವವಳು ಆ ಕಲ್ಲಿನ ಕೆಳಗಿದ್ದಳು.

ನಡೆದದ್ದನ್ನು ಸರೋಜ ಮೂರನೆಯ ದಿನ ಹೇಳಿದಳು. ಅಲ್ಲಿಯವರೆಗೆ ನನ್ನೊಡನೆ ಮಾತಾಡಿರಲಿಲ್ಲ. ಊರವರ ಮುಂದೆ ಅವಳು ಚೀಲ ಬಿಚ್ಚಿದಳಂತೆ. ಕಪ್ಪು ವೈರು ಸುರುಳಿ ಬಿಚ್ಚಿಕೊಂಡು ಅಕ್ಕನ ಪಾದದ ಬಳಿ ಬಿತ್ತಂತೆ. ಒಂದು ಕ್ಷಣ ಹೆಂಗಸರು ಅಳುವುದನ್ನೂ ನಿಲ್ಲಿಸಿದರಂತೆ. "ತವರಿಂದ ವೈರು ತಂದವ್ಳೆ," ಎಂದು ಯಾರೋ ಅಂದರಂತೆ. ಆಮೇಲೆ ನನ್ನ ಹತ್ತು ನಿಮಿಷಕ್ಕೆ ಕಾದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಹೊತ್ತು ಇಳಿಯುತ್ತಿತ್ತು, ಸೆಕೆ ವಿಪರೀತ, ಹೆಣ ಇನ್ನು ಇಡುವಂತಿರಲಿಲ್ಲ. ಹಿರಿಯರು ಸೇರಿ, "ಅವಳ ತವರಿನ ಕಡೆಯವರು ಯಾರಾದರೂ ಇದ್ದೀರಾ?" ಎಂದು ಕೂಗಿ ಕೇಳಿದರಂತೆ. ಸೋಲಾರ್ ಪ್ಯಾನಲ್ಲು ತೊಳೆಯಲು ನೀರು ಹೊಡೆಯುವ ಟ್ಯಾಂಕರಿನ ಡ್ರೈವರ್ ಈರಣ್ಣ ಎಂಬುವನು ಗುಂಪಿನ ಹಿಂದೆ ನಿಂತಿದ್ದನಂತೆ. ಅವನದು ದೊಡ್ಡೇರಿ, ನಮ್ಮ ಮಗ್ಗುಲಿನ ಊರು. "ನಾನಿದ್ದೀನಿ. ಅಕ್ಕ ಅಂದ್ಕಂತೀನಿ," ಎಂದು ಮುಂದೆ ಬಂದು, ಅಲ್ಲಿಯೇ ಅಂಗಡಿಯಲ್ಲಿ ಸಿಕ್ಕ ಒಂದು ಕೆಂಪು ಸೀರೆ, ಅರಿಶಿಣ ಕುಂಕುಮ ತಂದು, ಕೈಕಾಲು ತೊಳೆದು, ಅಕ್ಕನ ಮೇಲಿಟ್ಟು ನಮಸ್ಕಾರ ಮಾಡಿ, ನೀರಿನ ಲೋಡಿಗೆ ಹೊತ್ತಾಯಿತೆಂದು ಹೊರಟುಹೋದನಂತೆ.

ಗಾಡಿಯ ಆರನೆಯ ಕಾಲವನ್ನೂ ದಾಖಲಿಸಿಬಿಡುತ್ತೇನೆ. ರಾಮಾಂಜಿ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ತನ್ನ ಗಿರಣಿಯ ಹಿಂದೆ ನಿಲ್ಲಿಸಿದ್ದಾನೆ. ಹಿಂದಿನ ಸೀಟಿನಲ್ಲಿ ಅವನ ಕೋಳಿಗಳು ಕಾವಿಗೆ ಕೂರುತ್ತವೆ. ಗಾಡಿಯದು ಏನೂ ತಪ್ಪಿಲ್ಲ. ಅದನ್ನು ಕಟ್ಟಿದವರು ನಿಯತ್ತಿನಿಂದ ಕಟ್ಟಿದ್ದರು, ಮಾರಿದವರು ನಿಯತ್ತಿನಿಂದ ಮಾರಿದ್ದರು. ಕೋಳಿಗಳೂ ಈವರೆಗೆ ಏನೂ ದೂರು ಹೇಳಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ನಾನು ಬಸ್ಸಿನಲ್ಲಿ ಹೋದೆ. ಎಲ್ಲರಿಗಿಂತ ಒಂದು ಗಂಟೆ ಮೊದಲೇ ತಲುಪಿದ್ದೆ!

ಎಡೆ ಇಟ್ಟು ಪೂಜೆಯಾದ ಮೇಲೆ, ಊಟಕ್ಕೆ ಮುಂಚೆ ತವರಿನವರನ್ನು ಕರೆದು, ಮೊದಲ ಎಲೆಗೆ ಕೂರಿಸಿ, ಟವಲು ಹೊದಿಸುವುದು ಅಲ್ಲಿಯ ಪದ್ಧತಿ. ಊರಿನ ಹಿರಿಯರೊಬ್ಬರು, "ತವರಿನೋರು ಬರ್ರಪ್ಪ," ಎಂದು ಕೂಗಿದರು. ನಾನು ಎದ್ದೆ. ಆ ಕಡೆಯಿಂದ, ಖಾಕಿ ಅಂಗಿ ತೊಟ್ಟು ಹೊಸ ಪಂಚೆ ಉಟ್ಟ ಒಬ್ಬ ಮನುಷ್ಯನೂ ಕಣ್ಣೊರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಎದ್ದ. ಹಿರಿಯರು ಇಬ್ಬರನ್ನೂ ನೋಡಿದರು. ಅವರಿಗೂ ಕಷ್ಟವಾಯಿತು ಎನಿಸುತ್ತದೆ. ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೇಷ್ಟ್ರೇ, ಬೇಜಾರ್ ಮಾಡ್ಕಬೇಡಿ. ಸೀರೆ ಹಾಕಿದೋನೇ ತವರು," ಎಂದರು.

ಹನುಮಂತು ತಲೆ ತಗ್ಗಿಸಿಕೊಂಡಿದ್ದ. ನಾನು ಕೂತೆ. ಈರಣ್ಣನನ್ನು ಮೊದಲ ಎಲೆಗೆ ಕೂರಿಸಿ ಟವಲು ಹೊದಿಸಿದರು. ನನಗೆ ಎರಡನೆಯ ಪಂಕ್ತಿಯಲ್ಲಿ, ಗುರುತಿಲ್ಲದ ಯಾರೋ ಇಬ್ಬರ ನಡುವೆ ಎಲೆ ಸಿಕ್ಕಿತು.

ಊಟ ಮುಗಿಸಿ ಕೈ ತೊಳೆಯುವಾಗ ಈರಣ್ಣ ನನ್ನ ಪಕ್ಕದಲ್ಲೇ ಬಂದು ನಿಂತ. ಹತ್ತಿರದಿಂದ ನೋಡಿದರೆ ತುಂಬ ಸಾಧು ಮುಖ. ಅವನ ಕಣ್ಣುಗಳು ಕೆಂಪಾಗಿದ್ದವು, ಅತ್ತಿದ್ದ. ಗೊತ್ತಿಲ್ಲದ ಊರಲ್ಲಿ ದೊಡ್ಡವರೊಬ್ಬರು ಒಂಟಿಯಾಗಿ ನಿಂತಿದ್ದಾರೆ, ಮಾತಾಡಿಸದೆ ಹೋದರೆ ಚೆನ್ನಾಗಿರುವುದಿಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಚೊಂಬಿನಿಂದ ನನ್ನ ಕೈಗೆ ತಾನೇ ನೀರು ಹಾಕಿದ.

"ಊಟ ಆಯ್ತಾ ಸಾರ್? ನಮ್ಮಕ್ಕನಿಗೆ ತಾವು ಏನಾಗ್ಬೇಕು?" ಎಂದು ಕೇಳಿದ.

"ಪರಿಚಯ," ಎಂದೆ.